ಹಲಗೆಯ ಮೇಲೆ ಹದಿನಾರು ಮನೆಯ ನೀರು

ಈ ಕತೆಯನ್ನು ಶುರು ಮಾಡುವ ಮೊದಲು ಓದುವವರ ಕ್ಷಮೆ ಕೇಳಬೇಕು. ನೆಲದಡಿಯ ನೀರಿನ ವಿಚಾರವನ್ನು ಓದಿ, ಅಳೆದು, ತೂಗಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿರುವುದು ಒಂದು ಅಪಾರ್ಟ್‌ಮೆಂಟಿನ ಬಚ್ಚಲುಮನೆಗಳ ಸುದ್ದಿ, ಅಷ್ಟೆ. ನೆರೆಯವರ ಬಚ್ಚಲಿನ ಸುದ್ದಿಯನ್ನು ನಾಲ್ಕು ಜನರ ಮುಂದೆ ಇಟ್ಟದ್ದರಿಂದಲೇ ಈ ಕತೆಯ ಸುಮಿತ್ರಾಗೆ ಅಷ್ಟೆಲ್ಲ ಪೇಚಾಟವಾದದ್ದು. ಅದನ್ನೇ ಮತ್ತೆ ನಾಲ್ಕು ಜನರ ಮುಂದೆ ಇಡಹೊರಟದ್ದು ಸರಿಯೋ ತಪ್ಪೋ ಎಂಬ ಅಳುಕು ಇದ್ದೇ ಇದೆ. ಹೇಳದೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಾವಿರದ ಒಂಬೈನೂರ ತೊಂಬತ್ತೆಂಟರ ಮಾರ್ಚ್ ತಿಂಗಳು. ಅಹಮದಾಬಾದಿನ ಬೋಡಕ್‌ದೇವ್‌ನ ಮಂಗಲದೀಪ ಅಪಾರ್ಟ್‌ಮೆಂಟಿನವರೆಲ್ಲ ಒಂದು ಭಾನುವಾರ ಸಂಜೆ ಸ್ಕೂಟರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಧ್ಯಕ್ಷರಾದ ರಸಿಕ್‌ಭಾಯಿ, ಬಟ್ಟೆ ದಲ್ಲಾಳಿ, ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿದರು. ಬೋರಿನ ನೀರು ಇಳಿಯುತ್ತಿದೆ. ಮೊದಲು ಒಂದು ತಾಸು ಪಂಪು ಓಡಿದರೆ ಎಲ್ಲರ ಟ್ಯಾಂಕೂ ತುಂಬುತ್ತಿತ್ತು, ಈಗ ಎರಡು ತಾಸಾದರೂ ತುಂಬುವುದಿಲ್ಲ. ಬೋರನ್ನು ಇನ್ನಷ್ಟು ಆಳಕ್ಕೆ ಇಳಿಸಿಬಿಡೋಣ. ಎಲ್ಲರೂ ತಲೆಯಾಡಿಸಿದರು. ಚಹಾ ಬರುವುದರಲ್ಲಿತ್ತು.

ಆಗ ಸುಮಿತ್ರಾ ಎದ್ದು ನಿಂತಳು. ಅವಳು ಇಂಥ ಸಭೆಗಳಲ್ಲಿ ಬಾಯಿ ತೆರೆದವಳೇ ಅಲ್ಲ. ಅವಳ ಗಂಡ ಕೇಶವ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗದ ಮೇಲೆ ವರ್ಗವಾಗಿ ಸೂರತ್‌ನ ಉಧ್ನಾ, ಆಮೇಲೆ ವಡೋದರದ ಗೋರ್ವಾ, ಈಗ ಅಹಮದಾಬಾದ್ ಎಂದು ಸಂಸಾರ ಹೊತ್ತು ತಿರುಗುತ್ತಿದ್ದವನು. ಹೆಂಡತಿ ಎದ್ದದ್ದು ನೋಡಿ ಅವನು ಚಪ್ಪಲಿಯ ಕಡೆ ನೋಡತೊಡಗಿದ.

"ಮಳೆ ಬರೋತನಕ ಒಂದು ಅವಕಾಶ ಕೊಡಿ," ಎಂದಳು ಸುಮಿತ್ರಾ ತನ್ನ ಗಟ್ಟಿಯಲ್ಲದ ಗುಜರಾತಿಯಲ್ಲಿ. "ನಾವು ಎಷ್ಟು ನೀರು ಬಳಸ್ತೀವಿ ಅನ್ನೋದು ನಮಗೇ ಗೊತ್ತಿಲ್ಲ. ಗೊತ್ತಾದರೆ ಕಡಿಮೆ ಮಾಡ್ತೀವಿ. ನಾನು ಗೊತ್ತು ಮಾಡಿಸ್ತೀನಿ. ಈಗಿರೋ ಬೋರೇ ಸಾಕಾಗುತ್ತೆ."

"ಮತ್ತೆ ಸಾಕಾಗದಿದ್ದರೆ, ಸುಮಿತ್ರಾಬೆನ್?" ಎಂದರು ರಸಿಕ್‌ಭಾಯಿ. ಬೆನ್ ಎಂದರೆ ಅಲ್ಲಿ ಅಕ್ಕ.

"ಆಗ ಇಳಿಸಿ. ನಾನು ಒಂದು ಮಾತೂ ಆಡಲ್ಲ."

ರಸಿಕ್‌ಭಾಯಿ ನಕ್ಕರು. ಬೇಸಿಗೆ ಕಳೆದ ಮೇಲೆ ಕೊರೆಯುವವರ ದರವೂ ಇಳಿದಿರುತ್ತದೆ ಎಂದು ಯಾರೋ ಅಂದರು. ಹಾಗೆ ಅವಳಿಗೆ ಮಳೆಗಾಲದವರೆಗೆ ಗಡುವು ಸಿಕ್ಕಿತು. ಮಾತು ಕೊಟ್ಟಾಗಿತ್ತು, ಹಿಂದೆಗೆಯುವಂತಿರಲಿಲ್ಲ.

ಆ ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದರೆ, ಗೋರ್ವಾದಿಂದ. ಅಲ್ಲಿ ಮಗಳು ಮನಸ್ವಿನಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅವಳು ಸಂಜೆ ತರಗತಿಗೆ ಹೋಗಿ ಗೃಹವಿಜ್ಞಾನದ ಒಂದು ಸರ್ಟಿಫಿಕೇಟು ಮಾಡಿಕೊಂಡಿದ್ದಳು. ಜನ ಕೆಟ್ಟತನದಿಂದ ಪೋಲು ಮಾಡುವುದಿಲ್ಲ, ಗೊತ್ತಿಲ್ಲದೆ ಮಾಡುತ್ತಾರೆ ಎಂದು ಅಲ್ಲಿಯ ಮೇಡಂ ಹೇಳಿದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಬೇಳೆ ಬೇಯಿಸುವಾಗ ಪಾತ್ರೆಗೆ ಮುಚ್ಚಳ ಹಾಕಿದರೆ ಗ್ಯಾಸು ಎಷ್ಟು ಉಳಿಯುತ್ತದೆಂದು ಅವಳು ಗೋರ್ವಾದ ನೆರೆಯವರಿಗೆ ಒಲೆಯ ಮುಂದೆಯೇ ತೋರಿಸಿದ್ದಳು. ಅವರೂ ಮುಚ್ಚಳ ಹಾಕತೊಡಗಿದ್ದರು. ಅದಕ್ಕೂ ಮುಂಚೆ ಉಧ್ನಾದಲ್ಲಿ, ಪ್ಲೇಗಿನ ವರ್ಷ, ಕಸ ಎಲ್ಲಿ ಹಾಕಬೇಕು ಎಲ್ಲಿ ಹಾಕಬಾರದು ಎಂದು ನಗರಪಾಲಿಕೆಯವರು ಆಟೋ ಮೇಲೆ ಮೈಕು ಕಟ್ಟಿಕೊಂಡು ಕೂಗಿದ್ದೇ ತಡ, ಗಲ್ಲಿಯ ಜನ ಬಾಗಿಲಿಗೊಂದು ಡಬ್ಬ ಇಟ್ಟದ್ದನ್ನು ಕಣ್ಣಾರೆ ಕಂಡಿದ್ದಳು. ಹೇಳಿದರೆ ಜನ ಕೇಳುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಉಧ್ನಾದಲ್ಲಿ ಜನ ಕೇಳಿದ್ದು ಹೇಳಿದ್ದಕ್ಕೋ ಹೆದರಿಕೆಗೋ ಎಂದು ಕೇಶವ ಒಮ್ಮೆ ಕೇಳಿದ್ದ. ಅವಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮಂಗಲದೀಪದ ಮೆಟ್ಟಿಲ ಬುಡದಲ್ಲಿ ಒಂದು ಕರಿಹಲಗೆ ಇತ್ತು. ಅದರ ಮೇಲೆ ದಿನಕ್ಕೊಂದು ಸುವಿಚಾರ, ಅಂದರೆ ಒಳ್ಳೆಯ ಮಾತು, ಬರೆಯುವ ವಾಡಿಕೆ. ಯಾರಾದರೂ ತೀರಿಕೊಂಡರೆ ಶೋಕಸಭೆಯ ವೇಳೆಯೂ ಅದರಲ್ಲೇ. ಸುಮಿತ್ರಾ ಚಾಕ್‌ಪೀಸು ಹಿಡಿದು, ನಾಲ್ಕು ಸಲ ಅಳಿಸಿ, ನೀರು ಉಳಿಸಿ ಎಂದು ಗುಜರಾತಿ ಅಕ್ಷರದಲ್ಲಿ ಬರೆದಳು. ಜನ ಸುವಿಚಾರವನ್ನು ಓದುವಂತೆಯೇ ಅದನ್ನೂ ಓದಿದರು. ಅಂದರೆ ತಲೆ ಎತ್ತದೆ ಮೆಟ್ಟಿಲು ಹತ್ತಿದರು.

ಬರೀ ಉಪದೇಶ ಸಾಲದು ಎಂದುಕೊಂಡಳು. ವಿಷಯ ತಿಳಿಸಬೇಕು. ಚೌಕೀದಾರನನ್ನು ಕೇಳಿ, ಪಂಪು ದಿನವೂ ಎಷ್ಟು ಹೊತ್ತು ಓಡಿತೆಂದು ಬರೆಯತೊಡಗಿದಳು. ಆ ಹೊತ್ತು ದಿನೇ ದಿನೇ ಹೆಚ್ಚುತ್ತಿತ್ತು. ಈ ಸಲ ಜನ ಓದಿದರು. ನಿಂತು ಓದಿದರು. ಸುಮಿತ್ರಾ ಬಾಲ್ಕನಿಯಿಂದ ನೋಡಿ ಹಿಗ್ಗಿದಳು. ಒಂದು ವಾರ ಕಳೆಯುವಷ್ಟರಲ್ಲಿ ಮನೆಮನೆಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು.

ಎರಡನೆಯ ಮಹಡಿಯ ಭಾನುಬೆನ್ ತಮ್ಮ ಬಚ್ಚಲಿಗೆ ಅವಳನ್ನು ಕರೆದುಕೊಂಡು ಹೋಗಿ ಡ್ರಮ್ಮು ತೋರಿಸಿದರು. "ನಿಮ್ಮ ಬೋರ್ಡು ನೋಡಿದ ಮೇಲೆ ನಿದ್ದೆ ಬರಲಿಲ್ಲ ಸುಮಿತ್ರಾಬೆನ್. ಈಗ ನೋಡಿ, ತುಂಬಿ ಇಟ್ಟಿದ್ದೀನಿ. ಬೋರು ಒಣಗಿದರೂ ನಮಗೆ ಎರಡು ದಿನ ಚಿಂತೆಯಿಲ್ಲ."

"ಒಳ್ಳೇದಾಯ್ತು. ಇದನ್ನೇ ಬಳಸ್ತೀರಲ್ಲ?"

"ಹೇಗೆ ಬಳಸೋದು? ಬೆಳಗಾದರೆ ಅದು ವಾಸಿ ನೀರು. ಚೆಲ್ಲಿ ಹೊಸದು ತುಂಬಿಸ್ತೀನಿ."

ವಾಸಿ ಎಂದರೆ ತಂಗಳು. ಕುಡಿಯುವ ಮಡಕೆಯ ನೀರನ್ನು ಬೆಳಿಗ್ಗೆ ಚೆಲ್ಲಿ ಹೊಸದು ತುಂಬುವುದು ಆ ಕಡೆಯ ಪದ್ಧತಿ. ಅದು ಮಡಕೆಯಷ್ಟರಲ್ಲಿದ್ದಾಗ ಯಾರಿಗೂ ತೊಂದರೆಯಿರಲಿಲ್ಲ. ಈಗ ಹೆಚ್ಚುಕಡಿಮೆ ಮನೆಗೊಂದರಂತೆ ಡ್ರಮ್ಮಿನ ನೀರು ಪ್ರತಿ ಬೆಳಿಗ್ಗೆ ಮೋರಿಗೆ ಬೀಳತೊಡಗಿತು. ಪಂಪು ಮತ್ತಷ್ಟು ಹೊತ್ತು ಓಡಿತು. ಸುಮಿತ್ರಾ ಅದನ್ನೂ ಹಲಗೆಯ ಮೇಲೆ ಬರೆದಳು. ಇನ್ನೂ ಮೂರು ಮನೆಯವರು ಎರಡನೆಯ ಡ್ರಮ್ಮು ತಂದರು.

"ಏನ್ರೀ ಇದು," ಎಂದು ಅವಳು ಕೇಶವನ ಮುಂದೆ ತಲೆ ಹಿಡಿದುಕೊಂಡು ಕೂತಳು. "ಬರೆಯದೆ ಇದ್ದಿದ್ರೆ ಕಡಿಮೆ ಖರ್ಚಾಗ್ತಿತ್ತು."

"ಬರೀಬೇಡ ಹಾಗಾದ್ರೆ."

"ಮಾತು ಕೊಟ್ಟಿದ್ದೀನಲ್ಲ."

"ಮಾತು ಕೊಡುವಾಗ ನನ್ನ ಮುಖ ನೋಡಿದ್ದಿದ್ರೆ ಕೊಡ್ತಿರಲಿಲ್ಲ," ಎಂದ ಕೇಶವ, ಪೇಪರಿನ ಹಿಂದಿನಿಂದ.

ಅವಳಿಗೆ ಹೊಸ ಉಪಾಯ ಹೊಳೆದದ್ದು ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದಾಗ. ಅಲ್ಲಿ ಸಾಲಾಗಿ ಹದಿನಾರು ಕಪ್ಪು ಪ್ಲಾಸ್ಟಿಕ್ ಟ್ಯಾಂಕುಗಳಿದ್ದವು, ಮನೆಗೊಂದು, ಎಲ್ಲ ಒಂದೇ ಅಳತೆ. ಬೆಳಿಗ್ಗೆ ಒಂದು ಸಲ ತುಂಬಿದರೆ ಮರುದಿನದವರೆಗೆ ಅಷ್ಟೇ. ಪಂಪು ಹಾಕುವ ಮೊದಲು ಕೋಲು ಇಳಿಬಿಟ್ಟು ನೋಡಿದರೆ, ಯಾವ ಮನೆ ಎಷ್ಟು ಖಾಲಿ ಮಾಡಿದೆಯೆಂದು ತಿಳಿಯುತ್ತದೆ. ಅವಳು ಸೊಳ್ಳೆಪರದೆಯ ಕೋಲೊಂದಕ್ಕೆ ಉಗುರುಬಣ್ಣದಿಂದ ಗೆರೆ ಎಳೆದಳು. ಪಂಪಿನ ಹೊತ್ತು ಎಲ್ಲರದು, ಅಂದರೆ ಯಾರದೂ ಅಲ್ಲ. ಟ್ಯಾಂಕು ಮಾತ್ರ ಅವರವರದು. ಅವರವರ ಹೆಸರಿನ ಮುಂದೆ ಬರೆದರೆ ನಾಟುತ್ತದೆ ಎಂದುಕೊಂಡಳು. ರಸಿಕ್‌ಭಾಯಿ ಒಪ್ಪಿದರು, ಅವರಿಗೆ ಇದು ಕ್ರಿಕೆಟ್ ಸ್ಕೋರಿನ ಹಾಗೆ ಕಂಡಿತ್ತು.

ಕೇಶವ ಮಾತ್ರ ಒಪ್ಪಲಿಲ್ಲ. "ಬ್ಯಾಂಕಿನಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಿದರೆ ನನ್ನ ಕೆಲಸ ಹೋಗುತ್ತೆ. ನೀನು ಬೋರ್ಡಿಗೇ ಹಾಕ್ತೀನಿ ಅಂತೀಯ."

"ಇದು ದುಡ್ಡಲ್ಲ, ನೀರು."

"ನೀರಿಗೂ ಮಾನ ಇರುತ್ತೆ ಕಣೇ."

ಮೊದಲ ದಿನ ಕೋಲು ಇಳಿಸಿದಾಗ ಅವಳಿಗೇ ಮುಖಭಂಗವಾಯಿತು. ತನ್ನ ಮನೆಯ ಟ್ಯಾಂಕು ಮುಕ್ಕಾಲು ಖಾಲಿ. ಹಿಂದಿನ ದಿನ ಅತ್ತೆಯ ತಿಥಿಯೆಂದು ಮಡಿಗೆ ಎರಡೆರಡು ಸಲ ಸ್ನಾನ, ನೆಲ ಎರಡು ಸಲ ಸಾರಿಸಿದ್ದು, ಜೊತೆಗೆ ಮನಸ್ವಿನಿಯ ತಲೆಸ್ನಾನ. ಬರೆಯದೆ ಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಬಿಡಲಿಲ್ಲ. ಹೆಚ್ಚು ಚೆಲ್ಲಿದವರು ಕೆಳಗೆ ಬರುವ ಆ ಪಟ್ಟಿಯಲ್ಲಿ ತನ್ನ ಹೆಸರನ್ನು ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಬರೆದಳು.

ಎಲ್ಲಕ್ಕಿಂತ ಕಡಿಮೆ ಖರ್ಚಾದದ್ದು ಪದ್ಮಾವತಿಯವರ ಮನೆಯ ಟ್ಯಾಂಕಿನಲ್ಲಿ. ಪದ್ಮಾವತಿ ಮತ್ತು ಬಸವರಾಜ ಬಿಜಾಪುರದ ಕಡೆಯವರು. ಬಸವರಾಜ ಬಾಹ್ಯಾಕಾಶ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಆ ಕಟ್ಟಡದಲ್ಲಿ ಕನ್ನಡ ಮಾತಾಡುವ ಇನ್ನೊಂದು ಮನೆ ಅದೊಂದೇ. ಅಹಮದಾಬಾದಿಗೆ ಬಂದ ಹೊಸದರಲ್ಲಿ ಗ್ಯಾಸಿಲ್ಲದೆ ಕೂತಿದ್ದ ಸುಮಿತ್ರಾಗೆ ರೊಟ್ಟಿ, ಎಣಗಾಯಿ ಪಲ್ಯ ತಂದುಕೊಟ್ಟವರು ಪದ್ಮಾವತಿ. ಅಂದಿನಿಂದ ಸುಮಿತ್ರಾಗೆ ಅವರು ಪದ್ಮಕ್ಕ. ಬೇಳೆ ತೊಳೆದ ನೀರು ತುಳಸಿಗೆ, ಬಟ್ಟೆ ಹಿಂಡಿದ ನೀರು ನೆಲ ಒರೆಸಲಿಕ್ಕೆ. ಮೈತೊಳೆಯುವುದು ಒಂದೇ ಬಕೀಟಿನಲ್ಲಿ. ಅದನ್ನು ಅವರು ಯಾರಿಗೂ ಹೇಳಿಕೊಂಡವರಲ್ಲ, ಯಾರಿಗೂ ಕಂಡಿರಲೂ ಇಲ್ಲ.

ಸುಮಿತ್ರಾ ಅವರ ಹೆಸರನ್ನು ಹಲಗೆಯ ತುತ್ತತುದಿಯಲ್ಲಿ ಹಳದಿ ಚಾಕ್‌ಪೀಸಿನಿಂದ ಬರೆದು ಪಕ್ಕದಲ್ಲಿ ಒಂದು ಕಮಲದ ಹೂವನ್ನೂ ಬಿಡಿಸಿದಳು. ಶಾಲೆಯಲ್ಲಿ ಮೊದಲ ರ‍್ಯಾಂಕು ಬಂದವರಿಗೆ ಮಾಡುವಂತೆ. ಪದ್ಮಕ್ಕನಿಗೆ ತಾನು ಸಲ್ಲಿಸುತ್ತಿರುವ ಮರ್ಯಾದೆ ಅದು ಎಂದು ಅವಳ ಎಣಿಕೆ.

ಹಲಗೆ ಈ ಸಲ ಕೆಲಸ ಮಾಡಿತು. ಸಂಜೆ ಹೊತ್ತು ಅದರ ಮುಂದೆ ಗುಂಪು ನೆರೆಯುತ್ತಿತ್ತು. ರಸಿಕ್‌ಭಾಯಿಯ ಮನೆ ಕೆಳಗಿನಿಂದ ಎರಡನೆಯದು. ಅವರು ಹೆಂಡತಿಯನ್ನು ಬೈದರು, ಹೆಂಡತಿ ಪಾತ್ರೆ ತೊಳೆಯುವವಳನ್ನು ಬೈದರು, ಅವಳು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಗೊಣಗಿದಳು. ಡ್ರಮ್ಮಿನ ನೀರಿನಲ್ಲಿ ಬಟ್ಟೆ ನೆನೆಸುವುದು ಶುರುವಾಯಿತು. ಟ್ಯಾಂಕುಗಳು ಅರ್ಧಕ್ಕೆ ನಿಂತವು. ಮನಸ್ವಿನಿ ಮಾತ್ರ ಶಾಲೆಯಿಂದ ಬಂದವಳು ಚೀಲ ಎಸೆದಳು.

"ಮಮ್ಮಿ, ಎಲ್ಲಾ ಫ್ರೆಂಡ್ಸ್ ನನಗೆ ಟಾಂಕಿವಾಲಿ ಕೀ ಬೇಟಿ ಅಂತ ಕರೀತಾರೆ. ನೀನು ರೋಜ್ ಟೆರೇಸಿಗೆ ಯಾಕೆ ಹೋಗೋದು?"

"ನೀರು ಅಳೆಯೋದಕ್ಕೆ."

"ದೂಸ್ರಾ ಆಂಟಿಗಳು ಕಿಟ್ಟಿ ಪಾರ್ಟಿಗೆ ಹೋಗ್ತಾರೆ."

ಸುಮಿತ್ರಾ ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಳು. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಒಂದು ಸಂಜೆ ಹೆಂಗಸರೆಲ್ಲ ಕೆಳಗೆ ಕಟ್ಟೆಯ ಮೇಲೆ ಬಟಾಣಿ ಬಿಡಿಸುತ್ತ ಕೂತಿದ್ದರು. ಭಾನುಬೆನ್ ಹಲಗೆಯ ಕಡೆ ಕೈ ತೋರಿಸಿ, ಪದ್ಮಾವತಿಯವರಿಗೆ ನಗುತ್ತ ಹೇಳಿದರು, "ಪದ್ಮಾಬೆನ್, ತಮೆ ನ್ಹಾವ್ ಛೋ ಖರಾ?" ನೀವು ಸ್ನಾನ ಮಾಡ್ತೀರಿ ತಾನೆ ಎಂದರ್ಥ. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗೆಯೇನಲ್ಲ. ಪದ್ಮಾವತಿಯವರೂ ನಕ್ಕರು. "ಅಷ್ಟು ನೀರಲ್ಲಿ ನಮ್ಮ ಮನೆಯಲ್ಲಿ ಪಾತ್ರೆಯ ಎಣ್ಣೆಯೂ ಹೋಗಲ್ಲ," ಎಂದು ಇನ್ನೊಬ್ಬರು ಅಂದರು. ಸುಮಿತ್ರಾ ಅವರ ಪರವಾಗಿ ಏನಾದರೂ ಹೇಳಬೇಕೆಂದುಕೊಂಡಳು. ಅವಳಿಗೆ ಬೇಕಾದ ಗುಜರಾತಿ ಮಾತು ಬಾಯಿಗೆ ಬರುವಷ್ಟರಲ್ಲಿ ಮಾತು ಮಾವಿನಕಾಯಿ ಉಪ್ಪಿನಕಾಯಿಗೆ ಹೊರಳಿತ್ತು.

ಅದಾದ ನಾಲ್ಕೈದು ದಿನಕ್ಕೆ ಪದ್ಮಕ್ಕನ ಮನೆಯಲ್ಲಿ ಸುಮಿತ್ರಾ ಕೂತಿದ್ದಾಗ ಭಾನುಬೆನ್ನರ ಸೊಸೆ ಹೊರಗೆ ಹೋಗಿ ಬರುತ್ತ ಏನೋ ಡಬ್ಬಿ ಹಿಂದಿರುಗಿಸಲು ಬಂದಳು. ಹೊರಗೆ ಬೆಂಕಿಯಂಥ ಬಿಸಿಲು, ಹುಡುಗಿಯ ಮುಖ ಕೆಂಪಾಗಿತ್ತು. ಬಂದವರಿಗೆ ಮೊದಲು ನೀರು ಕೊಡುವುದು ಆ ಊರಿನ ರೂಢಿ. ಪದ್ಮಾವತಿ ಸ್ಟೀಲ್ ಲೋಟದಲ್ಲಿ ನೀರು ತಂದು ತಟ್ಟೆಯ ಮೇಲಿಟ್ಟು ಮುಂದೆ ಹಿಡಿದರು.

"ಬೇಡ ಮಾಸಿ, ಈಗ ತಾನೆ ಕುಡಿದು ಬಂದೆ."

"ಒಂದು ಗುಟುಕು ಕುಡಿಯಮ್ಮ. ಬಿಸಿಲಾಗ ಬಂದೀಯ."

"ಬೇಡ, ಬೇಡ," ಎಂದ ಹುಡುಗಿ ಲೋಟದ ಅಂಚನ್ನು ಒಂದು ಸಲ ನೋಡಿ, ಡಬ್ಬಿ ಕೆಳಗಿಟ್ಟು, ಹೊರಟೇಬಿಟ್ಟಳು.

ಪದ್ಮಾವತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ತಿರುಗಿಸಿ ನೋಡಿದರು. ಲೋಟ ಫಳಫಳ ಹೊಳೆಯುತ್ತಿತ್ತು. "ಕುಡದು ಬಂದಿರಬೇಕು ಬಿಡ್ರಿ," ಎಂದರು. ಸುಮಿತ್ರಾ ಅವಸರದಲ್ಲಿ ಆ ನೀರನ್ನು ತಾನು ತೆಗೆದುಕೊಂಡು ಕುಡಿದಳು. ಅದರಿಂದ ಏನೂ ಸರಿಹೋಗಲಿಲ್ಲ. ಯಾಕೆ ಕುಡಿಯುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ವಾರ ತಾರಸಿಯ ಮೇಲೆ ಕೋಲು ಇಳಿಸಿದ ಸುಮಿತ್ರಾಗೆ ಕೋಲೇ ಮುರಿದಿರಬೇಕು ಅನಿಸಿತು. ಪದ್ಮಕ್ಕನ ಟ್ಯಾಂಕು ತಳ ಕಂಡಿತ್ತು. ಟ್ಯಾಂಕು ಸೋರುತ್ತಿರಬಹುದೆಂದು ಸುತ್ತ ತಡವಿ ನೋಡಿದಳು. ಒಣಗಿಯೇ ಇತ್ತು. ಮರುದಿನವೂ ಹಾಗೇ. ಆ ದಿನ ಹತ್ತು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲಿಂದ ನೀರು ಹರಿದುಬರುವ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಪದ್ಮಾವತಿ ಸೀರೆ ಎತ್ತಿ ಕಟ್ಟಿ, ಬಚ್ಚಲಿನ ನಲ್ಲಿಯಿಂದ ಉದ್ದದ ಪೈಪು ಎಳೆದುಕೊಂಡು ಬಂದು, ಮನೆ ಮುಂದಿನ ಜಾಗವನ್ನೂ ಕೆಳಗಿನ ಮಹಡಿಯವರೆಗಿನ ಮೆಟ್ಟಿಲನ್ನೂ ತೊಳೆಯುತ್ತಿದ್ದರು. ಹಿತ್ತಾಳೆಯ ಕೊಡ, ತಪ್ಪಲೆ, ಡಬ್ಬಗಳನ್ನೆಲ್ಲ ಹೊರಗೆ ಸಾಲಾಗಿ ಇಟ್ಟಿದ್ದರು. ಅವುಗಳ ಮೇಲೂ ಪೈಪು ಹಿಡಿದರು. ಮೆಟ್ಟಿಲು ಹತ್ತುವವರು ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ಒಳಗಿನಿಂದ ಬಸವರಾಜರ ದನಿ ಬಂತು. "ಬರ‍್ರಿ ಸುಮಿತ್ರಾಬಾಯಿ, ನಮ್ಮನಿಯಾಗ ಗಂಗಿ ಇಳದಾಳ ನೋಡ್ರಿ. ನಾ ಊಟದ ಡಬ್ಬಿ ತಗೊಂಡು ಈಜಿ ಹೋಗಬೇಕಾಗೇತಿ ಡ್ಯೂಟಿಗೆ."

"ಪದ್ಮಕ್ಕ, ಏನಿದು?"

"ತೊಳೀತೀನಿ."

"ಪೈಪಿನಲ್ಲಾ? ನೀವಾ?"

"ಯಾಕ, ನಾ ತೊಳೀಬಾರದೇನು? ಎಲ್ಲಾರೂ ತೊಳೀತಾರ."

"ಅಕ್ಕ, ಬೋರಿನ ಕತೆ ನಿಮಗೆ ಗೊತ್ತಲ್ಲ. ನಾನು ಮಾತು ಕೊಟ್ಟಿದ್ದೀನಿ. ಎಲ್ಲರೂ ಖರ್ಚು ಇಳಿಸ್ತಾ ಇದಾರೆ, ನೀವೇ ಹೀಗೆ ಮಾಡಿದ್ರೆ..."

ಪದ್ಮಾವತಿ ನಲ್ಲಿ ನಿಲ್ಲಿಸಲಿಲ್ಲ. ಪೈಪನ್ನು ಗೋಡೆಯ ಕಡೆ ತಿರುಗಿಸಿದರು, ಅಷ್ಟೆ. "ನೀವು ಚೊಲೊ ಮನಸಿಂದಽ ಮಾಡಿದ್ರಿ, ಅದು ನನಗ ಗೊತ್ತೈತಿ. ಆದ್ರ ಹೇಳ್ರಿ, ನನ್ನ ಹೆಸರು ಬರೀತೀನಿ ಅಂತ ಒಂದ ಮಾತು ಕೇಳಿದ್ರೇನು? ನಾ ಎಷ್ಟು ನೀರು ಹಾಕ್ಕೋತೀನಿ ಅಂತ ಈ ಮನಿ ಗ್ವಾಡಿಗೂ ನಾ ಹೇಳಿದಾಕಿ ಅಲ್ಲ. ಅದು ನನ್ನ ರೂಢಿ. ನಮ್ಮವ್ವ ಕಲಿಸಿದ್ದು. ಅದರಾಗ ನಾಚಿಕಿ ಬರೂದೇನೂ ಇರಲಿಲ್ಲ. ಈಗ ಆ ಹುಡುಗಿ ನನ್ನ ಮನಿ ನೀರು ಮುಟ್ಟಲಿಲ್ಲ. ಇಪ್ಪತ್ತ ವರ್ಷದಾಗ ಮೊದಲನೇ ಸಲ."

"ನಾನು ಹೊಗಳಬೇಕು ಅಂತ ಬರೆದೆ ಅಕ್ಕ. ಹೂವು ಬರೆದೆ."

"ಹೂವು ನೋಡೇನಿ. ಅದಕ್ಕಽ ಎಲ್ಲಾರ ಕಣ್ಣೂ ಅಲ್ಲೇ ಹೋತು."

ಸುಮಿತ್ರಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನೀರು ಅವಳ ಕಾಲ್ಬೆರಳ ಸಂದಿಯಲ್ಲಿ ಹರಿಯುತ್ತಿತ್ತು. ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ. ಭಾನುಬೆನ್ನರ ಮೇಲೆ ಮೊದಲು, ಆಮೇಲೆ ಲೋಟ ನೋಡಿದ ಆ ಹುಡುಗಿಯ ಮೇಲೆ, ಪೈಪು ಬಿಡದ ಪದ್ಮಕ್ಕನ ಮೇಲೂ. ಕೊನೆಗೆ ಆ ಹಳದಿ ಚಾಕ್‌ಪೀಸು ಕೊಂಡುತಂದ ತನ್ನ ಮೇಲೆಯೇ. ಹೆಚ್ಚು ಚೆಲ್ಲುವವರು ನಾಚಿಕೊಂಡು ಖರ್ಚು ಇಳಿಸಲಿ ಎಂದು ಮಾಡಿದ ಕೆಲಸದಲ್ಲಿ, ಚೆಲ್ಲದವರೂ ನಾಚಿಕೊಂಡಾರು ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಮಡಿಯ ಮನೆಯಲ್ಲಿ ಹುಟ್ಟಿ ಬೆಳೆದವಳು, ನೀರು ಕಡಿಮೆಯೆಂದರೆ ಶುದ್ಧಿ ಕಡಿಮೆಯೆಂದು ಜನ ಓದುತ್ತಾರೆಂದು ಅವಳಿಗಲ್ಲದೆ ಇನ್ನಾರಿಗೆ ಹೊಳೆಯಬೇಕಿತ್ತು?

ಕೆಳಗೆ ಹೋಗಿ ಒದ್ದೆ ಬಟ್ಟೆಯಿಂದ ಹಲಗೆಯನ್ನು ಪೂರ್ತಿ ಒರೆಸಿದಳು. ಭಾನುಬೆನ್ ಬಾಲ್ಕನಿಯಿಂದ ಕೂಗಿದರು, "ಅರೆ, ಇವತ್ತು ನಮ್ಮದು ಎಷ್ಟನೇ ನಂಬರು ಅಂತ ನೋಡಲೇ ಇಲ್ಲ." ಸುಮಿತ್ರಾ ಬಟ್ಟೆ ಹಿಂಡಿ ಮೆಟ್ಟಿಲು ಹತ್ತಿದಳು.

ಮರುದಿನದಿಂದ ಅವಳು ಮನೆಮನೆಯ ಬಾಗಿಲಿಗೆ ಹೋಗತೊಡಗಿದಳು. ಅವರವರ ಟ್ಯಾಂಕಿನ ಸಂಗತಿ ಅವರವರಿಗೆ ಮಾತ್ರ, ಮೆಲ್ಲಗೆ. ಕಟ್ಟಡದ ಬಾಕಿ ಮನೆಗಳದ್ದು ಸರಾಸರಿ ಇಷ್ಟು, ನಿಮ್ಮದು ಇಷ್ಟು. ಹೆಸರಿಲ್ಲ. ಇದು ಕಷ್ಟದ ಕೆಲಸ. ಕೆಲವರು ಒಳಗೆ ಕರೆದು ಚಹಾ ಕೊಟ್ಟರು, ಕೆಲವರು ಬಾಗಿಲ ಸರಪಳಿ ತೆಗೆಯದೆ ಕೇಳಿಸಿಕೊಂಡರು. ರಸಿಕ್‌ಭಾಯಿ ಮಾತ್ರ ಪಕ್ಕದವರದ್ದು ಎಷ್ಟೆಂದು ಪಟ್ಟು ಹಿಡಿದರು. ಅವಳು ಹೇಳದಿದ್ದಾಗ, ಹಾಗಾದರೆ ನನ್ನದೂ ಬೇಡ ಎಂದರು. ಹಲಗೆಯ ಮುಂದಿನ ಗುಂಪು ಕರಗಿತು. ಉತ್ಸಾಹವೂ ಇಳಿಯಿತು, ಖರ್ಚು ಮತ್ತೆ ಏರಿತೆಂದು ಕೋಲು ಹೇಳುತ್ತಿತ್ತು, ಮೊದಲಿನಷ್ಟಲ್ಲದಿದ್ದರೂ.

ಪದ್ಮಕ್ಕನ ಬಾಗಿಲಲ್ಲಿ ಅವಳು ಪ್ರತಿಸಲವೂ ಒಂದೇ ಮಾತು ಕೇಳುತ್ತಿದ್ದಳು. "ನಿಮ್ಮ ಟ್ಯಾಂಕಿನದ್ದು ಹೇಳ್ಲಾ ಅಕ್ಕ?"

"ಬ್ಯಾಡ."

"ಸರಿ."

ಭಾನುಬೆನ್ನರ ಮನೆಗೆ ಹೋಗಿ, ಪದ್ಮಕ್ಕನ ಮನೆಯಷ್ಟು ಶುಚಿಯಾದ ಅಡಿಗೆಮನೆ ತಾನು ಕಂಡಿಲ್ಲವೆಂದು ಹೇಳಿದಳು. ಭಾನುಬೆನ್ ಆಶ್ಚರ್ಯಪಟ್ಟರು. "ನಾನೆಲ್ಲಿ ಬೇರೆ ಅಂದೆ? ತಮಾಷೆ ಮಾಡಿದೆ. ದಕ್ಷಿಣದವರು ನೀವು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ತೀರಿ." ಸೊಸೆಯನ್ನು ಕೇಳೋಣವೆಂದರೆ ಅವಳು ತವರಿಗೆ ಹೋಗಿದ್ದಳು.

ಮೇ ತಿಂಗಳಿಗೆ ಶಾಲೆಗಳಿಗೆ ರಜೆ ಬಂತು. ಅರ್ಧಕ್ಕರ್ಧ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಸೋದರಮಾವಂದಿರ ಊರಿಗೆ ಹೋದರು. ಟ್ಯಾಂಕುಗಳು ತುಂಬಿಯೇ ಉಳಿದವು. ಪಂಪಿನ ಓಟ ಕಡಿಮೆಯಾಯಿತು. ಸುಮಿತ್ರಾಗೆ ಸಮಾಧಾನಕ್ಕಿಂತ ಹೆಚ್ಚು ಕಿರಿಕಿರಿಯೇ ಆಯಿತು. ಈಗ ಉಳಿದ ನೀರಿನಲ್ಲಿ ತನ್ನ ಕೆಲಸದ್ದೆಷ್ಟು, ರೈಲು ಹತ್ತಿದವರದ್ದೆಷ್ಟು ಎಂದು ಬಿಡಿಸಿ ನೋಡಲಾಗದೆ ಅವಳು ರಾತ್ರಿಯೆಲ್ಲ ಹೊರಳಾಡಿದಳು. ಸಂಜೆ ತರಗತಿಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಹೆಚ್ಚು ಓದಿದ್ದರೆ ತಿಳಿಯುತ್ತಿತ್ತೇನೋ ಎಂದು ಅವಳಿಗೆ ತನ್ನ ಬಗ್ಗೆಯೇ ಬೇಸರ.

ಆ ನಡುವೆ ಒಂದು ಬೆಳಿಗ್ಗೆ ಪದ್ಮಕ್ಕನ ಟ್ಯಾಂಕು ಅರ್ಧಕ್ಕಿಂತ ಮೇಲೆ ನಿಂತಿತ್ತು. ಮರುದಿನ ಇನ್ನೂ ಮೇಲೆ. ಮೆಟ್ಟಿಲು ಒಣಗಿತ್ತು. ಸುಮಿತ್ರಾ ಬಾಗಿಲಿಗೆ ಹೋದವಳು ಏನೂ ಕೇಳದೆ ಹಪ್ಪಳ ಕೊಟ್ಟು ಬಂದಳು. "ಉಪ್ಪು ಒಂಚೂರು ಕಡಿಮಿ ಇರಬೇಕಾಗಿತ್ತು ನೋಡ್ರಿ," ಎಂದರು ಪದ್ಮಾವತಿ, ಹಪ್ಪಳದ ತುಂಡು ಮುರಿದು ಬಾಯಿಗೆ ಹಾಕಿಕೊಂಡು.

ಜೂನ್ ಕೊನೆಗೆ, ಮೋಡ ಕಟ್ಟಿ ಮಳೆ ಬಾರದ ಒಂದು ಸಂಜೆ, ಮತ್ತೆ ಸ್ಕೂಟರುಗಳ ನಡುವೆ ಕುರ್ಚಿ ಬಿದ್ದವು. ಸುಮಿತ್ರಾ ಎದ್ದು ಹೇಳಿದಳು: ಮಾರ್ಚ್‌ಗೆ ಹೋಲಿಸಿದರೆ ಮೇ-ಜೂನಿನಲ್ಲಿ ಕಟ್ಟಡದ ಖರ್ಚು ಸುಮಾರು ಕಾಲು ಭಾಗ ಇಳಿದಿದೆ, ಬೋರು ಬೇಸಿಗೆ ದಾಟಿಸಿದೆ, ಇನ್ನು ಇಳಿಸುವ ಅಗತ್ಯವಿಲ್ಲ.

"ರಜೆಯಲ್ಲಿ ಅರ್ಧ ಜನ ಇರಲಿಲ್ಲವಲ್ಲ ಬೆನ್," ಎಂದರು ರಸಿಕ್‌ಭಾಯಿ.

"ಇರಲಿಲ್ಲ. ಅದೂ ಸೇರಿದೆ." ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ರಜೆ ಬಿಟ್ಟು ನೋಡಿದರೆ ಎಷ್ಟು?"

"ನನಗೆ ಸರಿಯಾಗಿ ಗೊತ್ತಿಲ್ಲ."

"ನನ್ನ ಸೊಸೆ ಮಾತ್ರ ನಲ್ಲಿ ಮುಟ್ಟೋಕೂ ಹೆದರ್ತಾಳೆ," ಎಂದರು ಭಾನುಬೆನ್. ಎಲ್ಲರೂ ನಕ್ಕರು.

ರಸಿಕ್‌ಭಾಯಿ ನಗು ಮುಗಿಯಲು ಬಿಟ್ಟು ಹೇಳಿದರು. "ನೀವು ಕೆಲಸ ಮಾಡಿದ್ದೀರಿ, ನಾನು ಇಲ್ಲ ಅನ್ನಲ್ಲ. ಆದರೆ ಗೋಡೆಯಾಚೆಯ ಅಪಾರ್ಟ್‌ಮೆಂಟಿನವರು ಹೋದ ವಾರ ತಮ್ಮ ಬೋರು ಇಳಿಸಿದ್ದಾರೆ. ನಮ್ಮದಕ್ಕಿಂತ ಎಷ್ಟೋ ಆಳಕ್ಕೆ. ಕೆಳಗೆ ನೀರು ಒಂದೇ, ಅಲ್ಲಿ ಗೋಡೆ ಇಲ್ಲ. ನಾವಿಲ್ಲಿ ಬಕೀಟು ಉಳಿಸಿದರೆ ಅದು ಅವರ ಬೋರಿಗೆ ಹೋಗ್ತದೆ. ಹೇಳಿ, ಅವರ ಬೋರ್ಡಿಗೂ ನೀವು ಬರೆದು ಬರ್ತೀರಾ?"

ಮೂರು ತಿಂಗಳು ತಾರಸಿ ಹತ್ತಿ ಇಳಿದ ಸುಮಿತ್ರಾಗೆ ಗೋಡೆಯಾಚೆ ಒಮ್ಮೆ ಇಣುಕಿ ನೋಡಬೇಕೆಂದು ಹೊಳೆದಿರಲಿಲ್ಲ. ಕೇಶವ ಮೆಲ್ಲಗೆ ಅವಳ ಸೆರಗು ಜಗ್ಗಿ, "ಕೂತ್ಕೋ," ಎಂದ. ಅವಳು ಕೂತಳು.

ಇಳಿಸಬೇಕೆನ್ನುವವರು ಕೈಯೆತ್ತಿ ಎಂದರು ರಸಿಕ್‌ಭಾಯಿ. ಕೈಗಳೆದ್ದವು, ತುಂಬಾ. ಬೇಡವೆನ್ನುವವರು? ಮುಂದಿನ ಸಾಲಿನಲ್ಲಿದ್ದ ಸುಮಿತ್ರಾ ಎದುರಿನ ಗೋಡೆಯನ್ನು ನೋಡುತ್ತ ಕೈಯೆತ್ತಿದಳು. ಪಕ್ಕದಲ್ಲಿ ಕೇಶವ ಭುಜದವರೆಗೆ ಎತ್ತಿದ.

"ಮೂರು," ಎಂದು ರಸಿಕ್‌ಭಾಯಿ ಎಣಿಸಿ, ಚಹಾ ತರಲು ಸನ್ನೆ ಮಾಡಿದರು. ಸುಮಿತ್ರಾ ತಿರುಗಿ ನೋಡುವಷ್ಟರಲ್ಲಿ ಎಲ್ಲರ ಕೈಗಳೂ ಕೆಳಗಿದ್ದವು. ಕೊನೆಯ ಸಾಲಿನಲ್ಲಿ ಪದ್ಮಾವತಿ ಸೆರಗಿನೊಳಗೆ ಕೈಯಿಟ್ಟುಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಇನ್ನೂ ನಾಲ್ಕು ಜನರಿದ್ದರು.

ಜುಲೈಯಲ್ಲಿ ಬೋರು ಇಳಿಯಿತು. ಕೊರೆಯುವ ಲಾರಿಯ ಸದ್ದಿಗೆ ಎರಡು ದಿನ ಯಾರೂ ಮಲಗಲಿಲ್ಲ. ಪಂಪು ಮತ್ತೆ ಒಂದು ತಾಸಿಗೇ ಟ್ಯಾಂಕು ತುಂಬಿಸತೊಡಗಿತು. ಹಲಗೆಯ ಮೇಲೆ ಸುವಿಚಾರ ಬಂತು. ಸುಮಿತ್ರಾ ತಾರಸಿಗೆ ಹೋಗುವುದನ್ನು ಬಿಟ್ಟಳು, ಮಾತಿಗೆ ತಕ್ಕಂತೆ ಯಾರಿಗೂ ಏನೂ ಹೇಳಲೂ ಇಲ್ಲ.

ಹಲಗೆಯಿಂದ ನೀರು ಉಳಿಯಿತೋ, ಬಾಗಿಲಲ್ಲಿ ಹೇಳಿದ್ದರಿಂದಲೋ, ಬರೀ ರಜೆಯಿಂದಲೋ, ಅದು ತಿಳಿದಿಲ್ಲ. ಪದ್ಮಾವತಿ ಪೈಪು ಸುತ್ತಿಟ್ಟದ್ದು ಯಾಕೆಂಬುದನ್ನು ಅವರು ಹೇಳಲಿಲ್ಲ. ಮೂರನೆಯ ಕೈ ಯಾರದೆಂದು ರಸಿಕ್‌ಭಾಯಿಯನ್ನು ಕೇಳಿದ್ದರೆ ಹೇಳುತ್ತಿದ್ದರು. ಬೇರೆ ಯಾರದ್ದೋ ಹೆಸರು ಬಂದುಬಿಟ್ಟರೆ ಎಂಬ ಅಂಜಿಕೆಗೆ ಸುಮಿತ್ರಾ ಕೇಳಲಿಲ್ಲ. ಹಾಗಾಗಿ ಅದೂ ಗೊತ್ತಿಲ್ಲ.